ಹಳೇ ಎಕ್ಸ್‌ಚೇಂಜ್ 2016 ಸರ್ವರ್ ತೆಗೆಯುವುದು ಹೇಗೆ: ಹೊಸ ಸರ್ವರ್‌ಗೆ ಬಂದ ಮೇಲೆ ಉಳಿಯುವ ಪೂರ್ತಿ ಕೆಲಸ

ಆಫೀಸಿನ ಮೇಲ್ ನೋಡಿಕೊಳ್ಳುವ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನ ಹೊಸ ಸರ್ವರ್‌ಗೆ ಎಲ್ಲರ ಮೇಲ್‌ಬಾಕ್ಸ್ ಬಂದಾಯಿತು. ಔಟ್‌ಲುಕ್ ಓಡುತ್ತಿದೆ, ಫೋನಿಗೂ ಮೇಲ್ ಬರುತ್ತಿದೆ. ಇನ್ನೇನು, ಹಳೇ ಎಕ್ಸ್‌ಚೇಂಜ್ 2016 ಆಫ್ ಮಾಡಿ ವಿಎಂ (ವರ್ಚುವಲ್ ಮಷೀನ್) ಡಿಲೀಟ್ ಮಾಡಿದರೆ ಮುಗಿಯಿತು ಅನಿಸುತ್ತದೆ, ಅಲ್ವಾ? ದಯವಿಟ್ಟು ಹಾಗೆ ಮಾಡಬೇಡಿ. ಅದಕ್ಕೆ ಎರಡು ಕಾರಣ ಇದೆ.

ಮೊದಲನೆಯದು, ಎಕ್ಸ್‌ಚೇಂಜ್ ಇರುವುದು ಆ ಒಂದು ಮಷೀನ್ ಒಳಗೆ ಮಾತ್ರ ಅಲ್ಲ. ಅದರ ಹೆಸರು, ಡೇಟಾಬೇಸ್, ಕನೆಕ್ಟರ್ (ಮೇಲ್ ಬರುವ ಹೋಗುವ ದಾರಿ) ಎಲ್ಲದರ ವಿವರವೂ ಆಕ್ಟಿವ್ ಡೈರೆಕ್ಟರಿಯಲ್ಲಿ, ಅಂದರೆ ಆಫೀಸಿನ ಬಳಕೆದಾರರು ಮತ್ತು ಕಂಪ್ಯೂಟರ್‌ಗಳ ಪಟ್ಟಿಯಲ್ಲಿ, ಕೂತಿರುತ್ತದೆ. ಮಷೀನ್ ಹೋದರೂ ಆ ವಿವರ ಹೋಗುವುದಿಲ್ಲ. ಎರಡನೆಯದು, 2016 ಮತ್ತು ಅದರ ನಂತರದ ಆವೃತ್ತಿಗಳು ಒಂದಕ್ಕೊಂದು ಪ್ರಾಕ್ಸಿ ಮಾಡುತ್ತವೆ. ಯಾರಾದರೂ ಹಳೇ ಸರ್ವರ್‌ನ ಬಾಗಿಲು ತಟ್ಟಿದರೆ ಅದು ಸುಮ್ನೆ ಹೊಸದರ ಕಡೆಗೆ ದಾಟಿಸಿಬಿಡುತ್ತದೆ. ಬಳಸುವವರಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಮೇಲ್‌ಬಾಕ್ಸ್ ಸಾಗಿಸುವುದು ಸುಲಭದ ಕೆಲಸ. ಇನ್ನೂ ಯಾರ್ಯಾರು ಹಳೇ ಬಾಗಿಲು ತಟ್ಟುತ್ತಿದ್ದಾರೆ ಅಂತ ಪತ್ತೆ ಮಾಡುವುದೇ ಕಷ್ಟದ್ದು.

ಹಾಗಂತ ಹಳೇದನ್ನು ಹಾಗೇ ಬಿಟ್ಟುಕೊಂಡು ಇರುವಂತೆಯೂ ಇಲ್ಲ. ಎಕ್ಸ್‌ಚೇಂಜ್ 2016 ಮತ್ತು 2019 ಎರಡಕ್ಕೂ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಪ್ಯಾಚ್ ಇಲ್ಲದ ಎಕ್ಸ್‌ಚೇಂಜ್ ಏನಾಗುತ್ತದೆ ಅಂತ 2021ರ ಮಾರ್ಚ್‌ನಲ್ಲಿ ಪ್ರಾಕ್ಸಿಲಾಗಾನ್ ಅನ್ನುವ ದಾಳಿ ಬಂದಾಗ ಜಗತ್ತೇ ನೋಡಿತು. ಆಕ್ಟಿವ್ ಡೈರೆಕ್ಟರಿಯಲ್ಲಿ ಎಕ್ಸ್‌ಚೇಂಜ್ ಸರ್ವರ್‌ಗೆ ಇರುವ ಹಕ್ಕುಗಳು ಬಹಳ ಜಾಸ್ತಿ. ಅದು ಕೈತಪ್ಪಿದರೆ ಇಡೀ ಡೊಮೇನ್‌ಗೆ ಅಪಾಯ.

ಇಲ್ಲಿ ನಾನು ತೆಗೆದುಕೊಂಡಿರುವ ಉದಾಹರಣೆ ಎಕ್ಸ್‌ಚೇಂಜ್ 2016 ಸಿಯು23ರಿಂದ (ಸಿಯು ಅಂದರೆ ಕ್ಯುಮುಲೇಟಿವ್ ಅಪ್‌ಡೇಟ್) ಎಕ್ಸ್‌ಚೇಂಜ್ ಎಸ್‌ಇಗೆ, ಅಂದರೆ 2025ರ ಜುಲೈನಲ್ಲಿ ಬಂದ ಸಬ್‌ಸ್ಕ್ರಿಪ್ಷನ್ ಎಡಿಷನ್‌ಗೆ, ಅದೇ ಡೊಮೇನ್ ಒಳಗೆ ಬಂದ ಆಫೀಸಿನದು. 2016ರ ಮೇಲೆಯೇ ಎಸ್‌ಇ ಹಾಕಲು ಬರುವುದಿಲ್ಲ, ಬೇರೆ ಸರ್ವರ್ ಕಟ್ಟಲೇಬೇಕು. ಹಾಗಾಗಿ ಹಳೇದು ಒಂದು ಉಳಿದೇ ಉಳಿಯುತ್ತದೆ. ಕಮಾಂಡ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಮ್ಯಾನೇಜ್‌ಮೆಂಟ್ ಶೆಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಹೊಡೆಯಬೇಕು. ಹೆಸರಿನ ಬಹುಪಾಲು ಹೊಡೆದು ಟ್ಯಾಬ್ ಒತ್ತಿದರೆ ಮಿಕ್ಕಿದ್ದು ಅದೇ ತುಂಬಿಕೊಳ್ಳುತ್ತದೆ.

ಶುರು ಮಾಡುವ ಮುಂಚೆ ಒಂದು ಎಚ್ಚರಿಕೆ. ನಿಮ್ಮ ಮೇಲ್‌ಬಾಕ್ಸ್‌ಗಳೆಲ್ಲ ಮೈಕ್ರೋಸಾಫ್ಟ್ 365ಕ್ಕೆ ಹೋಗಿದ್ದು, ಆಫೀಸಿನ ಡೈರೆಕ್ಟರಿ ಇನ್ನೂ ಅಲ್ಲಿಗೆ ಸಿಂಕ್ ಆಗುತ್ತಿದ್ದು, ಈ ಹಳೇದೇ ನಿಮ್ಮ ಕೊನೇ ಎಕ್ಸ್‌ಚೇಂಜ್ ಆಗಿದ್ದರೆ ಕೆಳಗಿನ ದಾರಿ ನಿಮಗಲ್ಲ. ಎಕ್ಸ್‌ಚೇಂಜ್ 2019ರ ಸಿಯು12ರಿಂದ ಈಚೆಗೆ ಬರೀ ಮ್ಯಾನೇಜ್‌ಮೆಂಟ್ ಟೂಲ್ಸ್ ಇಟ್ಟುಕೊಂಡು ಕೊನೇ ಸರ್ವರ್ ಅನ್ನು ಆಫ್ ಮಾಡಬಹುದು. ಆದರೆ ಅನ್‌ಇನ್‌ಸ್ಟಾಲ್ ಮಾಡಬಾರದು. ಮಾಡಿದರೆ ಡೈರೆಕ್ಟರಿಯಲ್ಲಿ ಬೇಕಾದ ಸಂಗತಿಗಳೂ ಹೋಗುತ್ತವೆ.

## ಹೆಸರು ಯಾವ ಕಡೆ ತಿರುಗಿದೆ ನೋಡಿ

ಮೇಲ್ ಮತ್ತು ಆಟೋಡಿಸ್ಕವರ್ (ಔಟ್‌ಲುಕ್ ತನ್ನ ಸರ್ವರ್ ಹುಡುಕಿಕೊಳ್ಳುವ ಹೆಸರು), ಈ ಎರಡು ಹೆಸರುಗಳು ಒಳಗಿನ ಡಿಎನ್‌ಎಸ್‌ನಲ್ಲೂ (ಹೆಸರಿನಿಂದ ಐಪಿ ವಿಳಾಸ ಹೇಳುವ ವ್ಯವಸ್ಥೆ) ಹೊರಗಿನ ಡಿಎನ್‌ಎಸ್‌ನಲ್ಲೂ ಹೊಸ ಸರ್ವರ್‌ಗೆ ತೋರಿಸುತ್ತಿವೆಯೇ ನೋಡಿ. ಎರಡೂ ಕಡೆ ನೋಡಬೇಕು. ಹೊರಗಿನದು ಬದಲಾಗಿ ಒಳಗಿನದು ಹಾಗೇ ಉಳಿದಿರುವುದು ತುಂಬ ಸಾಮಾನ್ಯ. ಎಲ್ಲರಿಗೂ ಮೇಲ್ ಬರುತ್ತಿರುವುದರಿಂದ ಯಾರೂ ತಲೆ ಕೆಡಿಸಿಕೊಂಡಿರುವುದಿಲ್ಲ.

ಇದಾದ ಮೇಲೆ ಎಸ್‌ಸಿಪಿ (ಸರ್ವೀಸ್ ಕನೆಕ್ಷನ್ ಪಾಯಿಂಟ್). ಡೊಮೇನ್‌ಗೆ ಸೇರಿದ ಕಂಪ್ಯೂಟರ್‌ನಲ್ಲಿ ಔಟ್‌ಲುಕ್ ಮೊದಲು ನೋಡುವುದು ಡಿಎನ್‌ಎಸ್ ಅಲ್ಲ, ಡೈರೆಕ್ಟರಿಯಲ್ಲಿರುವ ಈ ದಾಖಲೆ. ಪ್ರತಿ ಎಕ್ಸ್‌ಚೇಂಜ್ ಸರ್ವರ್‌ಗೂ ಒಂದೊಂದು ಇರುತ್ತದೆ. ಗೆಟ್-ಕ್ಲೈಂಟ್‌ಆಕ್ಸೆಸ್‌ಸರ್ವೀಸ್ ಓಡಿಸಿ, ಆಟೋಡಿಸ್ಕವರ್‌ಸರ್ವೀಸ್‌ಇಂಟರ್ನಲ್‌ಯುಆರ್‌ಐ ಅನ್ನುವ ಸಾಲು ನೋಡಿ. ಹಳೇ ಸರ್ವರ್‌ನದು ಅದರ ಸ್ವಂತ ಹೆಸರಿಗೆ ತೋರಿಸುತ್ತಿದ್ದರೆ ಸೆಟ್-ಕ್ಲೈಂಟ್‌ಆಕ್ಸೆಸ್‌ಸರ್ವೀಸ್ ಬಳಸಿ ಎಲ್ಲರಿಗೂ ಒಂದೇ ಆದ ಆಟೋಡಿಸ್ಕವರ್ ವಿಳಾಸಕ್ಕೆ ಬದಲಾಯಿಸಿ. ಇದನ್ನು ಬಿಟ್ಟರೆ ಹಳೇದನ್ನು ಆಫ್ ಮಾಡಿದ ದಿನ ಕೆಲವರ ಔಟ್‌ಲುಕ್ ಮಾತ್ರ ನಿಧಾನ ಆಗುತ್ತದೆ, ಯಾಕೆ ಅಂತ ಹುಡುಕಿ ಹುಡುಕಿ ಸಾಕಾಗುತ್ತದೆ.

## ವೆಬ್ ಕಡೆಯಿಂದ ಯಾರು ಬರುತ್ತಿದ್ದಾರೆ

ಹಳೇ ಸರ್ವರ್‌ನಲ್ಲಿ ಎಕ್ಸ್‌ಚೇಂಜ್ ಹಾಕಿರುವ ಫೋಲ್ಡರ್ ಒಳಗೆ ಲಾಗಿಂಗ್, ಅದರೊಳಗೆ ಎಚ್‌ಟಿಟಿಪಿಪ್ರಾಕ್ಸಿ ಅಂತ ಇದೆ. ಮ್ಯಾಪಿ (ಔಟ್‌ಲುಕ್), ಇಡಬ್ಲ್ಯೂಎಸ್ (ಬೇರೆ ಸಾಫ್ಟ್‌ವೇರ್‌ಗಳು), ಈಎಎಸ್ (ಫೋನ್), ಓಡಬ್ಲ್ಯೂಎ (ವೆಬ್‌ಮೇಲ್), ಒಂದೊಂದಕ್ಕೂ ಬೇರೆ ಫೋಲ್ಡರ್. ಫೈಲುಗಳು ಸಿಎಸ್‌ವಿ ರೂಪದಲ್ಲಿವೆ, ಎಕ್ಸೆಲ್‌ನಲ್ಲೇ ತೆರೆಯುತ್ತವೆ. ನೋಡಬೇಕಾದ ಕಾಲಂಗಳು ನಾಲ್ಕೇ: ಅಥೆಂಟಿಕೇಟೆಡ್‌ಯೂಸರ್, ಕ್ಲೈಂಟ್‌ಐಪಿಅಡ್ರೆಸ್, ಯೂಸರ್‌ಏಜೆಂಟ್, ಯುಆರ್‌ಎಲ್‌ಹೋಸ್ಟ್.

ಮೊದಲು ತೆರೆದಾಗ ಸಾಲು ಸಾಲು ಕಂಡು ಗಾಬರಿ ಆಗಬೇಡಿ. ಅದರಲ್ಲಿ ಮುಕ್ಕಾಲು ಪಾಲು ಹೆಲ್ತ್‌ಮೇಲ್‌ಬಾಕ್ಸ್ ಅನ್ನುವ ಹೆಸರಿನಿಂದ ಶುರುವಾಗುತ್ತದೆ. ಎಕ್ಸ್‌ಚೇಂಜ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವುದು ಹಾಗೆ. ಅವನ್ನು ಫಿಲ್ಟರ್ ಮಾಡಿ ತೆಗೆಯಿರಿ. ಉಳಿದವರೇ ನಿಮಗೆ ಬೇಕಾದವರು. ಯುಆರ್‌ಎಲ್‌ಹೋಸ್ಟ್ ಕಾಲಂನಲ್ಲಿ ಹಳೇ ಸರ್ವರ್‌ನ ಬರೀ ಹೆಸರು ಕಂಡರೆ, ಯಾರೋ ಎಲ್ಲೋ ಅದನ್ನು ಕೈಯಾರೆ ಟೈಪ್ ಮಾಡಿದ್ದಾರೆ ಅಂತ ಅರ್ಥ. ಸಾಮಾನ್ಯವಾಗಿ ಇದು ಮೀಟಿಂಗ್ ರೂಮ್ ಬಾಗಿಲ ಪಕ್ಕದ ಟ್ಯಾಬ್ಲೆಟ್ ಆಗಿರುತ್ತದೆ, ಇಲ್ಲವೇ ಇಡಬ್ಲ್ಯೂಎಸ್ ಬಳಸಿ ಕ್ಯಾಲೆಂಡರ್ ಓದುವ ಯಾವುದೋ ಸಾಫ್ಟ್‌ವೇರ್, ಇಲ್ಲವೇ ಯಾವ ಕಾಲದಲ್ಲೋ ಸೆಟ್ ಮಾಡಿದ ಮ್ಯಾನೇಜರ್ ಒಬ್ಬರ ಫೋನ್. ಯೂಸರ್‌ಏಜೆಂಟ್ ನೋಡಿದರೆ ಯಾವುದು ಅಂತ ಬೇಗ ತಿಳಿಯುತ್ತದೆ.

## ಎಸ್‌ಎಂಟಿಪಿ: ಜಾಸ್ತಿ ಸಮಯ ಇಲ್ಲಿ ಕೊಡಿ

ಎಸ್‌ಎಂಟಿಪಿ ಅಂದರೆ ಮೇಲ್ ಕಳಿಸುವ ವಿಧಾನ. ಮನುಷ್ಯರು ಮೇಲ್ ಹೋಗದಿದ್ದರೆ ಫೋನ್ ಮಾಡುತ್ತಾರೆ. ಮಷೀನ್‌ಗಳು ಮಾಡುವುದಿಲ್ಲ. ಸ್ಕ್ಯಾನ್ ಮಾಡಿ ಮೇಲ್ ಕಳಿಸುವ ಜೆರಾಕ್ಸ್ ಮಷೀನ್, ಟ್ಯಾಲಿಯಿಂದ ಹೋಗುವ ಇನ್ವಾಯ್ಸ್, ಬಯೋಮೆಟ್ರಿಕ್ ಹಾಜರಿಯ ವರದಿ, ಬ್ಯಾಕಪ್ ಸಾಫ್ಟ್‌ವೇರ್‌ನ ಅಲರ್ಟ್, ಸಿಸಿಟಿವಿಯ ಡಿವಿಆರ್, ಸ್ಟೋರೇಜ್ ಬಾಕ್ಸ್, ಯುಪಿಎಸ್: ಇವೆಲ್ಲ ಹಳೇ ಸರ್ವರ್‌ನ ಐಪಿಯನ್ನು ಎಲ್ಲೋ ಒಂದು ಕಡೆ ಬರೆದಿಟ್ಟುಕೊಂಡು, ಅದರ 25ನೇ ಪೋರ್ಟ್‌ಗೆ ಮೇಲ್ ತಳ್ಳುತ್ತಿರುತ್ತವೆ.

ಇವನ್ನು ಹಿಡಿಯಲು ಹಳೇ ಸರ್ವರ್‌ನ ಪ್ರತಿ ರಿಸೀವ್ ಕನೆಕ್ಟರ್ ಮೇಲೂ ಪ್ರೋಟೊಕಾಲ್ ಲಾಗ್ ಆನ್ ಮಾಡಿ. ಸೆಟ್-ರಿಸೀವ್‌ಕನೆಕ್ಟರ್ ಕೊಟ್ಟು ಪ್ರೋಟೊಕಾಲ್‌ಲಾಗಿಂಗ್‌ಲೆವೆಲ್ ಅನ್ನು ವರ್ಬೋಸ್ ಅಂತ ಮಾಡಿದರೆ ಸಾಕು. ಲಾಗ್ ಬೀಳುವುದು ಟ್ರಾನ್ಸ್‌ಪೋರ್ಟ್‌ರೋಲ್ಸ್ ಫೋಲ್ಡರ್ ಒಳಗಿನ ಲಾಗ್ಸ್, ಫ್ರಂಟ್‌ಎಂಡ್, ಪ್ರೋಟೊಕಾಲ್‌ಲಾಗ್, ಎಸ್‌ಎಂಟಿಪಿರಿಸೀವ್ ಅನ್ನುವ ಜಾಗದಲ್ಲಿ.

ಒಂದು ಸೆಷನ್ ಓದುವುದು ಹೇಗೆ ಅಂತ ನೋಡೋಣ. ಬೆಳಗ್ಗೆ 05:32ಕ್ಕೆ 192.168.10.45 ಅನ್ನುವ ವಿಳಾಸದಿಂದ ಒಂದು ಸಾಲು ಬಂದಿದೆ ಅಂದುಕೊಳ್ಳಿ. ಈವೆಂಟ್ ಕಾಲಂನಲ್ಲಿ ಕೂಡುವ ಚಿಹ್ನೆ ಇದ್ದರೆ ಕನೆಕ್ಷನ್ ಶುರು, ಕಳೆಯುವ ಚಿಹ್ನೆ ಇದ್ದರೆ ಮುಗಿಯಿತು. ನಡುವೆ ಎಡಕ್ಕೆ ಮೊನೆ ಇರುವ ಬಾಣದ ಸಾಲುಗಳು ಅವರು ಕಳಿಸಿದ್ದು, ಬಲಕ್ಕೆ ಮೊನೆ ಇರುವವು ನಮ್ಮ ಸರ್ವರ್ ಕೊಟ್ಟ ಉತ್ತರ. ಇಎಚ್‌ಎಲ್‌ಒ ಸಾಲಿನಲ್ಲಿ ಆ ಮಷೀನ್ ತನ್ನ ಹೆಸರು ಹೇಳಿಕೊಳ್ಳುತ್ತದೆ. ಮೇಲ್ ಫ್ರಂ ಸಾಲಿನಲ್ಲಿ ಕಳಿಸುವವರ ವಿಳಾಸ, ಆರ್‌ಸಿಪಿಟಿ ಟು ಸಾಲಿನಲ್ಲಿ ಯಾರಿಗೆ ಅನ್ನುವುದು ಇರುತ್ತದೆ. ಸಮಯದ ಬಗ್ಗೆ ಹುಷಾರು: ಲಾಗ್‌ನಲ್ಲಿ ಇರುವುದು ಯುಟಿಸಿ. 05:32 ಅಂದರೆ ನಮ್ಮ ಗಡಿಯಾರದಲ್ಲಿ ಬೆಳಗ್ಗೆ 11:02. ಅಂದರೆ ರಾತ್ರಿ ಓಡುವ ಯಾವುದೋ ಜಾಬ್ ಅಲ್ಲ, ಆಫೀಸ್ ಟೈಮಿನಲ್ಲಿ ಯಾರೋ ನಿಂತು ಸ್ಕ್ಯಾನ್ ಮಾಡಿದ್ದಾರೆ. ಹೆಸರು ನೋಡಿಯೂ ಗೊತ್ತಾಗದಿದ್ದರೆ ಡಿಎಚ್‌ಸಿಪಿ ಪಟ್ಟಿಯಲ್ಲೋ ಸ್ವಿಚ್‌ನಲ್ಲೋ ಆ ಐಪಿಯ ಮ್ಯಾಕ್ ವಿಳಾಸ ಹುಡುಕಿ. ಮ್ಯಾಕ್‌ನ ಮೊದಲ ಅರ್ಧ ಯಾವ ಕಂಪನಿಯ ಮಷೀನ್ ಅಂತ ಹೇಳುತ್ತದೆ. ಸ್ವಿಚ್ ಪೋರ್ಟ್ ಯಾವ ಮಹಡಿ ಅಂತ ಹೇಳುತ್ತದೆ. ಆಮೇಲೆ ನಡೆದುಕೊಂಡು ಹೋಗಿ ನೋಡುವುದೇ.

127.0.0.1 ಮತ್ತು ನಿಮ್ಮ ಹೊಸ ಸರ್ವರ್‌ನ ಐಪಿಯಿಂದ ಬಂದ ಸಾಲುಗಳನ್ನು ಬಿಟ್ಟುಬಿಡಿ, ಅವು ಎಕ್ಸ್‌ಚೇಂಜ್‌ನ ಒಳಗಿನ ಮಾತು.

ಎಷ್ಟು ದಿನ ಲಾಗ್ ನೋಡಬೇಕು? ಒಂದು ವಾರ ಸಾಲದು. ಸಂಬಳದ ಚೀಟಿ ತಿಂಗಳಿಗೆ ಒಂದೇ ಸಲ ಹೋಗುತ್ತದೆ. ಜಿಎಸ್‌ಟಿ ಲೆಕ್ಕದ ಜಾಬ್‌ಗಳು 11ನೇ ತಾರೀಕು, 20ನೇ ತಾರೀಕಿನ ಆಸುಪಾಸಿನಲ್ಲಿ ಎದ್ದೇಳುತ್ತವೆ. ಆದ್ದರಿಂದ ಕನಿಷ್ಠ ಒಂದು ತಿಂಗಳು, ಅದರಲ್ಲೂ ತಿಂಗಳ ಕೊನೆ ಒಳಗೆ ಬರುವ ಹಾಗೆ ನೋಡಿ. ಯುಪಿಎಸ್ ಮಾತ್ರ ಕರೆಂಟ್ ಹೋದಾಗಲೋ ಬ್ಯಾಟರಿ ಕೈಕೊಟ್ಟಾಗಲೋ ಮೇಲ್ ಮಾಡುತ್ತದೆ. ಅದು ಲಾಗ್‌ಗೆ ಸಿಗುವುದೇ ಅನುಮಾನ. ಯುಪಿಎಸ್, ಸ್ಟೋರೇಜ್, ಫೈರ್‌ವಾಲ್, ಸರ್ವರ್‌ಗಳ ಐಲೋ ಮತ್ತು ಐಡ್ರ್ಯಾಕ್ (ಸರ್ವರ್ ಅನ್ನು ದೂರದಿಂದ ನಿಭಾಯಿಸುವ ಭಾಗ), ಇವುಗಳ ಸೆಟಿಂಗ್ಸ್ ಪುಟ ತೆರೆದು ಕಣ್ಣಾರೆ ನೋಡಿಯೇ ಬದಲಾಯಿಸಬೇಕು.

ಹಳೇದರಲ್ಲಿದ್ದ ರಿಲೇ ಕನೆಕ್ಟರ್ (ಇಂಥ ಮಷೀನ್‌ಗಳ ಮೇಲ್ ತೆಗೆದುಕೊಂಡು ಮುಂದಕ್ಕೆ ಕಳಿಸುವುದು) ಅನ್ನು ಹೊಸದರಲ್ಲಿ ಕಟ್ಟುವಾಗ ರಿಮೋಟ್‌ಐಪಿರೇಂಜಸ್ ಪಟ್ಟಿಯನ್ನು ಕಣ್ಣು ಮುಚ್ಚಿ ಕಾಪಿ ಮಾಡಬೇಡಿ. ಅದರಲ್ಲಿ ಈಗ ಇಲ್ಲದ ಮಷೀನ್‌ಗಳ ಐಪಿಗಳೇ ಜಾಸ್ತಿ ಇರುತ್ತವೆ. ಲಾಗ್‌ನಲ್ಲಿ ಕಂಡವು ಮತ್ತು ಕಣ್ಣಾರೆ ನೋಡಿದವು, ಇಷ್ಟನ್ನೇ ಹಾಕಿ. ಹೊರಗಿನವರಿಗೂ ಮೇಲ್ ಕಳಿಸಬೇಕಾದ ಮಷೀನ್ ಇದ್ದರೆ ಆ ಕನೆಕ್ಟರ್ ಮೇಲೆ ಅನಾನಿಮಸ್ ಲಾಗಾನ್‌ಗೆ ಎಂಎಸ್-ಎಕ್ಸ್‌ಚ್-ಎಸ್‌ಎಂಟಿಪಿ-ಆಕ್ಸೆಪ್ಟ್-ಎನಿ-ರೆಸಿಪಿಯೆಂಟ್ ಹಕ್ಕನ್ನು ಆಡ್-ಎಡಿಪರ್ಮಿಷನ್ ಮೂಲಕ ಕೊಡಬೇಕು. ಈ ಹಕ್ಕು ಇರುವ ಕನೆಕ್ಟರ್‌ಗೆ ಇಡೀ ನೆಟ್‌ವರ್ಕ್ ಬಿಟ್ಟುಕೊಟ್ಟರೆ ಓಪನ್ ರಿಲೇ ಆಗುತ್ತದೆ. ಸ್ಪ್ಯಾಮ್ ಕಳಿಸುವವರಿಗೆ ಅದು ಹಬ್ಬ.

ಇನ್ನೊಂದು ತೊಡಕು ಟಿಎಲ್‌ಎಸ್‌ನದು, ಅಂದರೆ ಕನೆಕ್ಷನ್‌ನ ಎನ್‌ಕ್ರಿಪ್ಷನ್‌ನದು. ಹೊಸ ಎಕ್ಸ್‌ಚೇಂಜ್ ಹಾಕಿದಾಗಲೇ ಟಿಎಲ್‌ಎಸ್ 1.0 ಮತ್ತು 1.1 ಬಂದ್ ಆಗಿರುತ್ತವೆ. ಹಳೇ ಪ್ರಿಂಟರ್‌ಗಳಿಗೆ ಎಷ್ಟೋ ಸಲ 1.2 ಬರುವುದಿಲ್ಲ. ಐಪಿ ಸರಿಯಾಗಿ ಬದಲಾಯಿಸಿದರೂ ಮೇಲ್ ಹೋಗದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಪ್ರಿಂಟರ್‌ಗೆ ಹೊಸ ಫರ್ಮ್‌ವೇರ್ ಇದೆಯೇ ನೋಡಿ. ಇಲ್ಲದಿದ್ದರೆ ಆ ಮಷೀನ್‌ನಲ್ಲಿ ಟಿಎಲ್‌ಎಸ್ ಆಫ್ ಮಾಡಿ, ಒಳಗಿನ ನೆಟ್‌ವರ್ಕ್‌ನಲ್ಲಿ ಆ ಒಂದು ಐಪಿಗೆ ಮಾತ್ರ ಪಾಸ್‌ವರ್ಡ್ ಇಲ್ಲದ 25ನೇ ಪೋರ್ಟ್ ಬಿಡಿ. ಒಂದು ಪ್ರಿಂಟರ್‌ಗಾಗಿ ಹೊಸ ಸರ್ವರ್‌ನಲ್ಲಿ ಟಿಎಲ್‌ಎಸ್ 1.0 ಆನ್ ಮಾಡುವುದು ನನಗಂತೂ ಒಪ್ಪಿಗೆ ಇಲ್ಲ.

ಈ ಎಲ್ಲ ಮಷೀನ್‌ಗಳಿಗೆ ಹೊಸ ಸರ್ವರ್‌ನ ಐಪಿ ಕೊಡಬೇಡಿ. ಎಸ್‌ಎಂಟಿಪಿ ಅಥವಾ ರಿಲೇ ಅನ್ನುವ ಒಂದು ಡಿಎನ್‌ಎಸ್ ಹೆಸರು ಮಾಡಿ ಅದನ್ನು ಕೊಡಿ. ಮುಂದೆ ಇನ್ನೊಮ್ಮೆ ಸರ್ವರ್ ಬದಲಾಯಿಸುವಾಗ ಒಂದೇ ಕಡೆ ತಿದ್ದಿದರೆ ಸಾಕು.

## ಹೊರಗೆ ಹೋಗುವ ದಾರಿ

ಗೆಟ್-ಸೆಂಡ್‌ಕನೆಕ್ಟರ್ ಓಡಿಸಿ, ಪ್ರತಿಯೊಂದರ ಸೋರ್ಸ್‌ಟ್ರಾನ್ಸ್‌ಪೋರ್ಟ್‌ಸರ್ವರ್ಸ್ ನೋಡಿ. ಅಲ್ಲಿ ಹಳೇ ಸರ್ವರ್ ಇದ್ದರೆ ಹೊಸದನ್ನು ಸೇರಿಸಿ, ಒಂದೆರಡು ದಿನ ಬಿಟ್ಟು ಹಳೇದನ್ನು ತೆಗೆಯಿರಿ. ಇದನ್ನು ಮರೆತರೆ ಕೊನೆಯಲ್ಲಿ ಅನ್‌ಇನ್‌ಸ್ಟಾಲ್ ಕೂಡ ಆಗುವುದಿಲ್ಲ, ಈ ಸರ್ವರ್ ಒಂದು ಕನೆಕ್ಟರ್‌ನ ಸೋರ್ಸ್ ಆಗಿದೆ ಅಂತ ಸೆಟಪ್ ನಿಲ್ಲಿಸಿಬಿಡುತ್ತದೆ.

ಹಳೇದನ್ನು ತೆಗೆದ ತಕ್ಷಣ ಹೊರಗೆ ಹೋದ ಒಂದು ಮೇಲ್‌ನ ಹೆಡರ್ ತೆರೆದು ಯಾವ ಪಬ್ಲಿಕ್ ಐಪಿಯಿಂದ ಹೋಗಿದೆ ನೋಡಿ. ಫೈರ್‌ವಾಲ್‌ನಲ್ಲಿ ಹಳೇ ಸರ್ವರ್‌ನ ಒಳಗಿನ ಐಪಿಗೆ ಮಾತ್ರ ನ್ಯಾಟ್ ನಿಯಮ (ಒಳಗಿನ ಐಪಿಯನ್ನು ಪಬ್ಲಿಕ್ ಐಪಿಗೆ ಬದಲಿಸುವುದು) ಇದ್ದರೆ ಹೊಸದು ಬೇರೆ ಪಬ್ಲಿಕ್ ಐಪಿಯಿಂದ ಹೊರಡುತ್ತದೆ. ಅದಕ್ಕೆ ಪಿಟಿಆರ್ ದಾಖಲೆ (ಐಪಿಯಿಂದ ಹೆಸರು ಹೇಳುವ ಡಿಎನ್‌ಎಸ್ ದಾಖಲೆ) ಇರುವುದಿಲ್ಲ, ಎಸ್‌ಪಿಎಫ್‌ನಲ್ಲೂ (ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸಬಹುದಾದ ಐಪಿಗಳ ಪಟ್ಟಿ) ಹೆಸರಿರುವುದಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ಇದರಲ್ಲಿ ತುಂಬ ಕಟ್ಟುನಿಟ್ಟು. ಒಳಗೆ ಬರುವ ದಾರಿಯನ್ನೂ ನೋಡಿ: ಎಂಎಕ್ಸ್ (ನಿಮ್ಮ ಮೇಲ್ ಎಲ್ಲಿಗೆ ಬರಬೇಕು ಅನ್ನುವ ಡಿಎನ್‌ಎಸ್ ದಾಖಲೆ), ಸ್ಪ್ಯಾಮ್ ಗೇಟ್‌ವೇ ಇದ್ದರೆ ಅದು ಮೇಲ್ ಒಪ್ಪಿಸುವ ಐಪಿ, ಲೋಡ್ ಬ್ಯಾಲೆನ್ಸರ್‌ನ ಪೂಲ್.

## ಉಳಿದ ಮೇಲ್‌ಬಾಕ್ಸ್‌ಗಳು

ಎಲ್ಲವನ್ನೂ ಮೂವ್ ಮಾಡಿದ್ದೇವೆ ಅನ್ನುವಾಗ ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಮೇಲ್‌ಬಾಕ್ಸ್‌ಗಳನ್ನು ಮೂವ್ ಮಾಡಿರುತ್ತೇವೆ. ಮೊದಲು ಸೆಟ್-ಎಡಿಸರ್ವರ್‌ಸೆಟ್ಟಿಂಗ್ಸ್ ಕೊಟ್ಟು ವ್ಯೂಎಂಟೈರ್‌ಫಾರೆಸ್ಟ್ ಅನ್ನು ಟ್ರೂ ಮಾಡಿ. ಇಲ್ಲದಿದ್ದರೆ ಚೈಲ್ಡ್ ಡೊಮೇನ್‌ನಲ್ಲಿರುವವರು ಪಟ್ಟಿಯಲ್ಲಿ ಬರುವುದೇ ಇಲ್ಲ. ಆಮೇಲೆ ಗೆಟ್-ಮೇಲ್‌ಬಾಕ್ಸ್ ಅನ್ನು ಹಳೇ ಸರ್ವರ್‌ನ ಹೆಸರು ಕೊಟ್ಟು ಒಂದಲ್ಲ, ಹಲವು ಸಲ ಓಡಿಸಬೇಕು: ಮಾಮೂಲಿಯಾಗಿ ಒಂದು ಸಲ, ಆರ್ಕೈವ್ ಅಂತ ಹಾಕಿ, ಆರ್ಬಿಟ್ರೇಷನ್ ಅಂತ ಹಾಕಿ, ಆಡಿಟ್‌ಲಾಗ್, ಆಕ್ಸ್‌ಆಡಿಟ್‌ಲಾಗ್, ಪಬ್ಲಿಕ್‌ಫೋಲ್ಡರ್ ಅಂತ ಹಾಕಿ. ರಿಸಲ್ಟ್‌ಸೈಜ್ ಅನ್‌ಲಿಮಿಟೆಡ್ ಅನ್ನುವುದನ್ನು ಮರೆಯಬೇಡಿ, ಇಲ್ಲದಿದ್ದರೆ 1000ಕ್ಕೆ ನಿಂತುಬಿಡುತ್ತದೆ.

ಆರ್ಬಿಟ್ರೇಷನ್ ಮೇಲ್‌ಬಾಕ್ಸ್‌ಗಳು ಯಾರ ಹೆಸರಿನಲ್ಲೂ ಇಲ್ಲ, ಆದ್ದರಿಂದ ಯಾರೂ ಕೇಳುವುದಿಲ್ಲ. ಆದರೆ ಆಫ್‌ಲೈನ್ ಅಡ್ರೆಸ್ ಬುಕ್ ತಯಾರಾಗುವುದು, ಅಡ್ಮಿನ್ ಆಡಿಟ್ ಲಾಗ್ ಉಳಿಯುವುದು, ಮೈಗ್ರೇಷನ್ ಬ್ಯಾಚ್ ಓಡುವುದು ಎಲ್ಲ ಅವುಗಳಲ್ಲೇ. ನ್ಯೂ-ಮೂವ್‌ರಿಕ್ವೆಸ್ಟ್ ಕೊಟ್ಟು ಬೇರೆಯವರ ಹಾಗೆಯೇ ಅವನ್ನೂ ಸಾಗಿಸಿ. ಆರ್ಕೈವ್ ಕಡೆಯೂ ಗಮನ ಇರಲಿ. ಒಬ್ಬರ ಮುಖ್ಯ ಮೇಲ್‌ಬಾಕ್ಸ್ ಹೊಸ ಡೇಟಾಬೇಸ್‌ನಲ್ಲಿದ್ದು ಆರ್ಕೈವ್ ಹಳೇದರಲ್ಲೇ ಇರಬಹುದು. ಹೆಲ್ತ್‌ಮೇಲ್‌ಬಾಕ್ಸ್‌ಗಳನ್ನು ಮಾತ್ರ ಸಾಗಿಸುವ ಅಗತ್ಯ ಇಲ್ಲ.

ಇಲ್ಲೇ ಇನ್ನೊಂದು ಕೆಲಸ ಇದೆ, ಬಹಳ ಜನ ಬಿಡುವುದು ಇದನ್ನೇ. ಡೇಟಾಬೇಸ್ ತೆಗೆದರೆ ಅದರೊಳಗಿನ ಡಿಸ್‌ಕನೆಕ್ಟ್ ಆದ ಮೇಲ್‌ಬಾಕ್ಸ್‌ಗಳೂ ಹೋಗುತ್ತವೆ. ಗೆಟ್-ಮೇಲ್‌ಬಾಕ್ಸ್‌ಸ್ಟಾಟಿಸ್ಟಿಕ್ಸ್ ಅನ್ನು ಹಳೇ ಡೇಟಾಬೇಸ್ ಮೇಲೆ ಓಡಿಸಿ ಡಿಸ್‌ಕನೆಕ್ಟ್‌ರೀಸನ್ ಕಾಲಂ ನೋಡಿ. ಸಾಫ್ಟ್‌ಡಿಲೀಟೆಡ್ ಅಂತ ಇದ್ದರೆ ಅದು ಮೂವ್ ಆದ ಮೇಲೆ ಉಳಿದ ಹಳೇ ಪ್ರತಿ, ಚಿಂತೆ ಇಲ್ಲ. ಡಿಸೇಬಲ್ಡ್ ಅಂತ ಇದ್ದರೆ ಅದು ಇತ್ತೀಚೆಗೆ ಕೆಲಸ ಬಿಟ್ಟು ಹೋದ ಯಾರದೋ ಮೇಲ್‌ಬಾಕ್ಸ್ ಆಗಿರಬಹುದು. ಎಚ್‌ಆರ್‌ನವರನ್ನು ಒಂದು ಮಾತು ಕೇಳಿ. ಬೇಕು ಅಂದರೆ ಮತ್ತೆ ಕನೆಕ್ಟ್ ಮಾಡಿ, ಹೊಸ ಸರ್ವರ್‌ಗೆ ಸಾಗಿಸಿ ಅಥವಾ ಪಿಎಸ್‌ಟಿ (ಔಟ್‌ಲುಕ್‌ನಲ್ಲಿ ತೆರೆಯುವ ಮೇಲ್ ಫೈಲ್) ತೆಗೆದಿಡಿ. ಪಿಎಸ್‌ಟಿ ತೆಗೆಯುವ ಕಮಾಂಡ್ ಕಾಣದಿದ್ದರೆ ನಿಮ್ಮ ಅಕೌಂಟ್‌ಗೆ ಮೇಲ್‌ಬಾಕ್ಸ್ ಇಂಪೋರ್ಟ್ ಎಕ್ಸ್‌ಪೋರ್ಟ್ ರೋಲ್ ಇಲ್ಲ ಅಂತ ಅರ್ಥ, ಅಡ್ಮಿನ್‌ಗೂ ಅದು ತಾನಾಗಿ ಸಿಗುವುದಿಲ್ಲ.

ಎಲ್ಲ ಮುಗಿದ ಮೇಲೆ ಗೆಟ್-ಮೂವ್‌ರಿಕ್ವೆಸ್ಟ್ ನೋಡಿ, ಮುಗಿದ ರಿಕ್ವೆಸ್ಟ್‌ಗಳನ್ನು ರಿಮೂವ್-ಮೂವ್‌ರಿಕ್ವೆಸ್ಟ್‌ನಿಂದ ತೆಗೆದುಬಿಡಿ. ಅವು ಇದ್ದರೆ ಡೇಟಾಬೇಸ್ ತೆಗೆಯುವಾಗ ತಕರಾರು ಬರುತ್ತದೆ.

## ಇನ್ನು ಎರಡು ಮೂರು ಕೊಂಡಿಗಳು

ಡಿಎಜಿ (ಡೇಟಾಬೇಸ್‌ನ ಪ್ರತಿಗಳನ್ನು ಹಲವು ಸರ್ವರ್‌ಗಳಲ್ಲಿ ಇಡುವ ಗುಂಪು) ಇದ್ದವರು ಡೇಟಾಬೇಸ್ ಕಾಪಿಗಳನ್ನು ಮೊದಲು ತೆಗೆದು, ಆಮೇಲೆ ಸರ್ವರ್‌ಗಳನ್ನು ಡಿಎಜಿಯಿಂದ ಹೊರಗೆ ತಂದು, ಕೊನೆಗೆ ಖಾಲಿ ಡಿಎಜಿ ತೆಗೆಯಬೇಕು. ಹೊಸ ಸರ್ವರ್‌ಗಳ ಡಿಎಜಿಗೆ ವಿಟ್ನೆಸ್ ಫೋಲ್ಡರ್ ಎಲ್ಲಿದೆ ಅಂತಲೂ ಒಮ್ಮೆ ನೋಡಿ. ಅವಸರದಲ್ಲಿ ಹಳೇ ಎಕ್ಸ್‌ಚೇಂಜ್ ಮೇಲೆಯೇ ಇಟ್ಟಿರುವುದುಂಟು. ಹಾಗಿದ್ದರೆ ಬೇರೆ ಸರ್ವರ್‌ಗೆ ಬದಲಾಯಿಸಿ.

ಹೈಬ್ರಿಡ್ (ಆಫೀಸಿನ ಎಕ್ಸ್‌ಚೇಂಜ್ ಮತ್ತು ಮೈಕ್ರೋಸಾಫ್ಟ್ 365 ಎರಡರ ಜೋಡಣೆ) ಇದ್ದರೆ ಹೈಬ್ರಿಡ್ ಕಾನ್ಫಿಗರೇಷನ್ ವಿಝಾರ್ಡ್ ಅನ್ನು ಮತ್ತೆ ಓಡಿಸಿ, ಮೇಲ್ ಕಳಿಸುವ ಮತ್ತು ತೆಗೆದುಕೊಳ್ಳುವ ಸರ್ವರ್ ಅಂತ ಹೊಸದನ್ನು ಆರಿಸಿ. ಸರ್ಟಿಫಿಕೇಟ್ ವಿಷಯದಲ್ಲಿ, ದುಡ್ಡು ಕೊಟ್ಟು ತಂದದ್ದು ಹೊಸ ಸರ್ವರ್‌ನಲ್ಲಿ ಪ್ರೈವೇಟ್ ಕೀ ಸಮೇತ ಇದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಗೆಟ್-ಆಥ್‌ಕಾನ್ಫಿಗ್ ತೋರಿಸುವ ಆಥ್ ಸರ್ಟಿಫಿಕೇಟ್ ಇಡೀ ಸಂಸ್ಥೆಗೆ ಸೇರಿದ್ದು. ಹಳೇದು ಅಂದುಕೊಂಡು ಅದನ್ನು ಹೊಸ ಸರ್ವರ್‌ನಿಂದ ಅಳಿಸಿದರೆ ವೆಬ್‌ಮೇಲ್ ಲಾಗಿನ್ನೇ ನಿಂತುಹೋಗುತ್ತದೆ.

## ಲಾಗ್ ಮತ್ತು ಬ್ಯಾಕಪ್ ಎತ್ತಿಡಿ

ಭಾರತದಲ್ಲಿ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಐಟಿ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ, ದೇಶದೊಳಗೇ ಇಟ್ಟುಕೊಂಡಿರಬೇಕು. ಎಕ್ಸ್‌ಚೇಂಜ್‌ನ ಮೆಸೇಜ್ ಟ್ರ್ಯಾಕಿಂಗ್ ಲಾಗ್ ತಾನಾಗಿ ಇಟ್ಟುಕೊಳ್ಳುವುದು 30 ದಿನ ಮಾತ್ರ. ಆದ್ದರಿಂದ ಟ್ರ್ಯಾಕಿಂಗ್ ಲಾಗ್, ಎಸ್‌ಎಂಟಿಪಿ ಲಾಗ್, ಐಐಎಸ್ ಲಾಗ್, ವಿಂಡೋಸ್ ಸೆಕ್ಯುರಿಟಿ ಲಾಗ್ ಇವನ್ನೆಲ್ಲ ಬೇರೆ ಕಡೆ ಕಾಪಿ ಮಾಡಿ. ಡೇಟಾಬೇಸ್‌ನ ಕೊನೇ ಬ್ಯಾಕಪ್ ಒಂದು ತೆಗೆದು, ಅದರಿಂದ ಒಂದು ಮೇಲ್‌ಬಾಕ್ಸ್ ವಾಪಸ್ ತರಲು ಬರುತ್ತದೆಯೇ ನೋಡಿ. ನೋಡದ ಬ್ಯಾಕಪ್ ಅನ್ನು ನಂಬಬೇಡಿ.

## ಆಫ್ ಮಾಡಿ ಕಾಯಿರಿ

ಗೆಟ್-ಕ್ಯೂ ಓಡಿಸಿ, ಹೋಗಲು ಕಾಯುತ್ತಿರುವ ಮೇಲ್‌ಗಳ ಕ್ಯೂ ಖಾಲಿ ಇದೆಯೇ ನೋಡಿ. ಸೆಟ್-ಸರ್ವರ್‌ಕಾಂಪೊನೆಂಟ್‌ಸ್ಟೇಟ್ ಕೊಟ್ಟು ಹಬ್‌ಟ್ರಾನ್ಸ್‌ಪೋರ್ಟ್ ಅನ್ನು ಡ್ರೇನಿಂಗ್‌ಗೆ ಹಾಕಿ, ಟ್ರಾನ್ಸ್‌ಪೋರ್ಟ್ ಸರ್ವೀಸ್ ರೀಸ್ಟಾರ್ಟ್ ಮಾಡಿ. ಉಳಿದ ಮೇಲ್ ಇದ್ದರೆ ರಿಡೈರೆಕ್ಟ್-ಮೆಸೇಜ್ ಮೂಲಕ ಹೊಸ ಸರ್ವರ್‌ಗೆ ದಾಟಿಸಿ, ಹೊಸ ಸರ್ವರ್‌ನ ಪೂರ್ತಿ ಹೆಸರು, ಡೊಮೇನ್ ಸಮೇತ ಕೊಡಬೇಕು. ಆಮೇಲೆ ಸರ್ವರ್ ಅನ್ನು ಶಟ್‌ಡೌನ್ ಮಾಡಿ. ಅನ್‌ಇನ್‌ಸ್ಟಾಲ್ ಇನ್ನೂ ಬೇಡ.

ಯಾರಾದರೂ ಕೂಗಾಡುತ್ತಾರೆಯೇ ಅಂತ ಕಾಯುವುದೇ ಈ ಹಂತ. ಸೋಮವಾರ ಬೆಳಗ್ಗೆ ಆಫ್ ಮಾಡಿ, ಶುಕ್ರವಾರ ಸಂಜೆ ಅಲ್ಲ. ಜನ ಇರುವಾಗಲೇ ತೊಂದರೆ ಕಾಣಬೇಕು. ಆಫ್ ಮಾಡಿದ ಮೇಲೆ ಹೊಸ ಔಟ್‌ಲುಕ್ ಪ್ರೊಫೈಲ್ ಒಂದನ್ನು ಮಾಡಿ ನೋಡಿ, ಅಡ್ರೆಸ್ ಬುಕ್ ಡೌನ್‌ಲೋಡ್ ಆಗುತ್ತದೆಯೇ ನೋಡಿ, ಬೇರೆಯವರ ಕ್ಯಾಲೆಂಡರ್‌ನಲ್ಲಿ ಬಿಡುವು ಕಾಣುತ್ತದೆಯೇ ನೋಡಿ, ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ ಒಂದೊಂದು ಮೇಲ್ ಕಳಿಸಿ. ಒಂದರಿಂದ ಎರಡು ವಾರ ಸಾಕು. ತಿಂಗಳುಗಟ್ಟಲೆ ಆಫ್ ಮಾಡಿ ಮರೆತುಬಿಡುವುದು ಬೇರೆ ತೊಂದರೆ, ಆಮೇಲೆ ಅದನ್ನು ಎಬ್ಬಿಸಲು ಹೋದರೆ ಪ್ಯಾಚ್‌ನಿಂದ ಹಿಡಿದು ಅಡ್ಮಿನ್ ಪಾಸ್‌ವರ್ಡ್‌ವರೆಗೆ ಯಾವುದೂ ಸರಿ ಇರುವುದಿಲ್ಲ.

## ಡೇಟಾಬೇಸ್ ತೆಗೆದು ಅನ್‌ಇನ್‌ಸ್ಟಾಲ್ ಮಾಡುವುದು

ಈಗ ಸರ್ವರ್ ಮತ್ತೆ ಆನ್ ಮಾಡಿ. ಹೌದು, ಆನ್ ಮಾಡಲೇಬೇಕು. ಅದರ ಮೇಲೆ ಕೂತೇ ಅನ್‌ಇನ್‌ಸ್ಟಾಲ್ ಮಾಡಬೇಕು. ರಿಮೂವ್-ಮೇಲ್‌ಬಾಕ್ಸ್‌ಡೇಟಾಬೇಸ್ ಕೊಟ್ಟು ಒಂದೊಂದೇ ಡೇಟಾಬೇಸ್ ತೆಗೆಯಿರಿ. ಮೇಲ್‌ಬಾಕ್ಸ್ ಇದೆ ಅಂತ ಹೇಳಿದರೆ ಮೇಲಿನ ಪಟ್ಟಿಗೆ ವಾಪಸ್ ಹೋಗಿ, ಏನೋ ಒಂದು ಉಳಿದಿದೆ. ಈ ಕಮಾಂಡ್ ಡೈರೆಕ್ಟರಿಯಿಂದ ಮಾತ್ರ ತೆಗೆಯುತ್ತದೆ, ಇಡಿಬಿ ಫೈಲ್ (ನಿಜವಾದ ಡೇಟಾಬೇಸ್ ಫೈಲ್) ಮತ್ತು ಲಾಗ್‌ಗಳು ಡಿಸ್ಕ್‌ನಲ್ಲೇ ಇರುತ್ತವೆ.

ಅನ್‌ಇನ್‌ಸ್ಟಾಲ್ ಮಾಡುವ ಅಕೌಂಟ್ ಆರ್ಗನೈಸೇಷನ್ ಮ್ಯಾನೇಜ್‌ಮೆಂಟ್ ಗುಂಪಿನಲ್ಲಿರಬೇಕು, ಆ ಮಷೀನ್‌ನ ಲೋಕಲ್ ಅಡ್ಮಿನ್ ಆಗಿರಬೇಕು. ಮೊದಲು ಒಮ್ಮೆ ರೀಸ್ಟಾರ್ಟ್ ಮಾಡಿ. ತೆರೆದಿರುವ ಶೆಲ್ ಕಿಟಕಿಗಳನ್ನೆಲ್ಲ ಮುಚ್ಚಿ. ಆಂಟಿವೈರಸ್, ಮಾನಿಟರಿಂಗ್ ಏಜೆಂಟ್, ಬ್ಯಾಕಪ್ ಏಜೆಂಟ್ ನಿಲ್ಲಿಸಿ. ಪವರ್‌ಶೆಲ್ ಎಕ್ಸಿಕ್ಯೂಷನ್ ಪಾಲಿಸಿಯನ್ನು ಗ್ರೂಪ್ ಪಾಲಿಸಿಯಿಂದ ಹೇರಿದ್ದರೆ ಆ ಸರ್ವರ್‌ಗೆ ಮಾತ್ರ ಬಿಡುವು ಕೊಡಿ. ಸೆಟಪ್ ಅರ್ಧಕ್ಕೆ ನಿಲ್ಲಲು ಇದೂ ಒಂದು ಕಾರಣ. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಮ್ಸ್ ಅಂಡ್ ಫೀಚರ್ಸ್‌ನಲ್ಲಿ ಎಕ್ಸ್‌ಚೇಂಜ್ 2016 ಆರಿಸಿ ಅನ್‌ಇನ್‌ಸ್ಟಾಲ್ ಒತ್ತಿ. ಸಮಯ ಹಿಡಿಯುತ್ತದೆ, ಶೇಕಡಾವಾರು ಒಂದೇ ಕಡೆ ನಿಂತಿದೆ ಅಂತ ಕೊಲ್ಲಲು ಹೋಗಬೇಡಿ. ತಡೆ ಬಂದರೆ ಸಿ ಡ್ರೈವ್‌ನ ಎಕ್ಸ್‌ಚೇಂಜ್‌ಸೆಟಪ್‌ಲಾಗ್ಸ್ ಫೋಲ್ಡರ್‌ನಲ್ಲಿರುವ ಎಕ್ಸ್‌ಚೇಂಜ್‌ಸೆಟಪ್ ಫೈಲ್ ತೆರೆದು ಕೆಳಗಿನಿಂದ ಮೇಲಕ್ಕೆ ಓದಿ. ಕೊನೇ ಎರರ್ ಅಲ್ಲಿಯೇ ಇರುತ್ತದೆ.

ಯಾರೋ ಈ ಮೊದಲೇ ವಿಎಂ ಅಳಿಸಿಬಿಟ್ಟಿದ್ದರೆ? ದಾರಿ ಇದೆ. ಡೈರೆಕ್ಟರಿಯಲ್ಲಿ ಆ ಕಂಪ್ಯೂಟರ್ ಅಕೌಂಟ್ ರಿಸೆಟ್ ಮಾಡಿ, ಅದೇ ಹೆಸರಿನ, ಅದೇ ವಿಂಡೋಸ್ ಆವೃತ್ತಿಯ ಹೊಸ ಮಷೀನ್ ಕಟ್ಟಿ ಡೊಮೇನ್‌ಗೆ ಸೇರಿಸಿ, ಅದೇ ಸಿಯುನ ಸೆಟಪ್ ಅನ್ನು ರಿಕವರ್‌ಸರ್ವರ್ ಮೋಡ್‌ನಲ್ಲಿ ಓಡಿಸಿ. ಸರ್ವರ್ ಮತ್ತೆ ಎದ್ದು ನಿಲ್ಲುತ್ತದೆ, ಆಗ ಕ್ರಮವಾಗಿ ಅನ್‌ಇನ್‌ಸ್ಟಾಲ್ ಮಾಡಿ. ಎಡಿಎಸ್‌ಐ ಎಡಿಟ್ (ಡೈರೆಕ್ಟರಿಯನ್ನು ನೇರವಾಗಿ ತಿದ್ದುವ ಟೂಲ್) ತೆರೆದು ಕಾನ್ಫಿಗರೇಷನ್ ಒಳಗಿನ ಸರ್ವರ್ ಹೆಸರನ್ನು ಕೈಯಿಂದ ಅಳಿಸುವವರೂ ಇದ್ದಾರೆ. ಬೇರೆ ದಾರಿಯೇ ಇಲ್ಲ ಅನ್ನುವ ತನಕ ಅದರ ಹತ್ತಿರ ಹೋಗಬೇಡಿ. ಅಲ್ಲಿ ಎಫ್‌ವೈಡಿಐಬಿಒಎಚ್‌ಎಫ್23ಎಸ್‌ಪಿಡಿಎಲ್‌ಟಿ ಅಂತ ಬಾಲ ಇರುವ ವಿಚಿತ್ರ ಹೆಸರಿನ ಅಡ್ಮಿನಿಸ್ಟ್ರೇಟಿವ್ ಗ್ರೂಪ್ ಕಾಣುತ್ತದೆ. ಪ್ರತಿ ಅಕ್ಷರ ಮತ್ತು ಅಂಕಿಯನ್ನು ಒಂದು ಹಿಂದಕ್ಕೆ ಸರಿಸಿದರೆ ಎಕ್ಸ್‌ಚೇಂಜ್12ರಾಕ್ಸ್ ಅಂತ ಬರುತ್ತದೆ, ಅದನ್ನು ಬರೆದ ಎಂಜಿನಿಯರ್‌ಗಳ ತಮಾಷೆ. ವೈರಸ್ ಏನೋ ಅಂದುಕೊಂಡು ಅಳಿಸಬೇಡಿ, ನಿಮ್ಮ ಹೊಸ ಸರ್ವರ್ ಕೂಡ ಅದರೊಳಗೇ ಇದೆ.

## ಗುಡಿಸಿ ಸಾರಿಸುವುದು

ಗೆಟ್-ಎಕ್ಸ್‌ಚೇಂಜ್‌ಸರ್ವರ್ ಓಡಿಸಿದರೆ ಈಗ ಹೊಸದು ಮಾತ್ರ ಕಾಣಬೇಕು. ಗೆಟ್-ಮೇಲ್‌ಬಾಕ್ಸ್ ಅನ್ನು ಮಾನಿಟರಿಂಗ್ ಅಂತ ಹಾಕಿ ಓಡಿಸಿ. ಡೇಟಾಬೇಸ್ ಇಲ್ಲ ಅಂತ ಹಳದಿ ಅಕ್ಷರದಲ್ಲಿ ಎಚ್ಚರಿಕೆ ಬಂದರೆ ಅವು ಹಳೇ ಸರ್ವರ್‌ನ ಅನಾಥ ಹೆಲ್ತ್‌ಮೇಲ್‌ಬಾಕ್ಸ್‌ಗಳು. ಡೈರೆಕ್ಟರಿಯ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸಿಸ್ಟಮ್ ಆಬ್ಜೆಕ್ಟ್ಸ್ ಒಳಗೆ ಮಾನಿಟರಿಂಗ್ ಮೇಲ್‌ಬಾಕ್ಸಸ್‌ನಲ್ಲಿ ಹುಡುಕಿ ಅವನ್ನಷ್ಟೇ ಅಳಿಸಿ. ಹೊಸ ಸರ್ವರ್ ಮೇಲೆ ಮೈಕ್ರೋಸಾಫ್ಟ್‌ನ ಹೆಲ್ತ್‌ಚೆಕರ್ ಸ್ಕ್ರಿಪ್ಟ್ ಒಮ್ಮೆ ಓಡಿಸಿ.

ಹಳೇ ಮಷೀನ್ ಅನ್ನು ಡೊಮೇನ್‌ನಿಂದ ತೆಗೆದು, ಅದರ ಕಂಪ್ಯೂಟರ್ ಅಕೌಂಟ್ ಅಳಿಸಿ. ಡಿಎನ್‌ಎಸ್‌ನಲ್ಲಿ ಅದರ ಹೆಸರು, ಫೈರ್‌ವಾಲ್‌ನ ನ್ಯಾಟ್ ಮತ್ತು ನಿಯಮಗಳು, ಎಸ್‌ಪಿಎಫ್‌ನಲ್ಲಿ ಹಳೇ ಪಬ್ಲಿಕ್ ಐಪಿ, ಬ್ಯಾಕಪ್ ಜಾಬ್, ಮಾನಿಟರಿಂಗ್, ಆಂಟಿವೈರಸ್ ಲೈಸೆನ್ಸ್ ಎಲ್ಲದರಿಂದಲೂ ತೆಗೆಯಿರಿ. ಎಸ್‌ಪಿಎಫ್ ಮರೆತರೆ, ಆ ಐಪಿ ನಾಳೆ ಬೇರೆಯವರಿಗೆ ಸಿಕ್ಕಾಗ ಅವರು ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸಬಹುದು. ಹಳೇ ಸರ್ವರ್‌ನ ಒಳಗಿನ ಐಪಿಯನ್ನು ಮಾತ್ರ ಕೆಲವು ತಿಂಗಳು ಯಾರಿಗೂ ಕೊಡದೆ ಖಾಲಿ ಇಡಿ. ಸಾಧ್ಯವಾದರೆ ಫೈರ್‌ವಾಲ್‌ನಲ್ಲಿ ಆ ಐಪಿಗೆ ಬರುವ ಪ್ರಯತ್ನಗಳನ್ನು ಲಾಗ್ ಮಾಡಿ. ತಪ್ಪಿಸಿಕೊಂಡ ಯುಪಿಎಸ್ ಅಲ್ಲಿ ಸಿಗುತ್ತದೆ.

ಇನ್ನು ಡಿಸ್ಕ್. ಅದು ವಿಎಂ ಆಗಿದ್ದರೆ ಡಿಸ್ಕ್ ಫೈಲ್‌ಗಳ ಜೊತೆ ಸ್ನ್ಯಾಪ್‌ಶಾಟ್‌ಗಳನ್ನೂ ರೆಪ್ಲಿಕಾಗಳನ್ನೂ ಅಳಿಸಿ. ಮಷೀನ್ ನಿಜವಾದದ್ದಾಗಿದ್ದರೆ ಇಡಿಬಿ ಫೈಲ್ ಡಿಲೀಟ್ ಮಾಡಿದ್ದು ಸಾಲದು, ಇಡೀ ಕಂಪನಿಯ ಮೇಲ್ ಅದರಲ್ಲಿದೆ. ಡಿಸ್ಕ್ ಪೂರ್ತಿ ವೈಪ್ ಮಾಡಿ ಅಥವಾ ಒಡೆದು ಹಾಕಿ, ಸೀರಿಯಲ್ ನಂಬರ್ ಬರೆದಿಟ್ಟುಕೊಂಡು, ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿದ ಇ-ತ್ಯಾಜ್ಯದವರಿಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ. ಬೆಂಗಳೂರಿನವರು ಎಸ್‌ಪಿ ರೋಡ್‌ನಲ್ಲಿ ಹಳೇ ಸರ್ವರ್‌ಗೆ ಒಳ್ಳೇ ರೇಟ್ ಸಿಗುತ್ತದೆ ಅಂತ ಹೋಗುವುದಾದರೆ, ಡಿಸ್ಕ್ ಬಿಚ್ಚಿ ಇಟ್ಟುಕೊಂಡು ಹೋಗಿ.